ಆಳೆತ್ತರ ಏರಿ ನಿಲ್ಲುವ ಸಿಸರ್ ಲಿಫ್ಟ್: ಜಂಪರ್ ಹಾಕಬಹುದಾ?

ಪ್ರಶ್ನೆ: ಹಾಸನದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಸೀಸನ್ ಶುರುವಾಗುವ ಮುಂಚೆ ಗೋಡೌನ್‌ನ ಹೈಬೇ ಲೈಟುಗಳನ್ನು ಬದಲಿಸಬೇಕು ಅಂತ 19 ಅಡಿಯ ಎಲೆಕ್ಟ್ರಿಕ್ ಸಿಸರ್ ಲಿಫ್ಟ್ (ನಿಂತು ಕೆಲಸ ಮಾಡುವ ಪ್ಲಾಟ್‌ಫಾರ್ಮನ್ನು ಕತ್ತರಿ ತೋಳುಗಳ ಮೇಲೆ ಏರಿಸುವ ಯಂತ್ರ) ಬಾಡಿಗೆಗೆ ತರಿಸಿದ್ದೇವೆ. ಗೋಡೌನ್ ಒಳಗೆ ಚೆನ್ನಾಗಿಯೇ ಏರುತ್ತಿತ್ತು. ಲೋಡಿಂಗ್ ಬೇ ಹತ್ತಿರ ಹೋದರೆ ಆಳೆತ್ತರ ಏರಿ, ಬೀಪ್ ಹೊಡೆದು ನಿಲ್ಲುತ್ತದೆ. ಇಳಿಯುವುದು ಮಾತ್ರ ಆಗುತ್ತದೆ. ನಿನ್ನೆಯಿಂದ ಗೋಡೌನ್ ಒಳಗೂ ಒಮ್ಮೊಮ್ಮೆ ಹೀಗೇ ಆಗುತ್ತಿದೆ, ಮೇಲೆ ನಿಂತು ಮುಂದೆ ಓಡಿಸೋಕೂ ಆಗುವುದಿಲ್ಲ. ಸಂಜೆ ಹೊತ್ತಿಗೆ ಬಹಳ ನಿಧಾನ ಬೇರೆ. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ, "ಟಿಲ್ಟ್ ಸೆನ್ಸರ್ ತೊಂದರೆ, ಕನೆಕ್ಟರ್ ಕಿತ್ತು ವೈರ್ ಜೋಡಿಸಿ ಜಂಪರ್ ಹಾಕಿಕೊಳ್ಳಿ, ನಮ್ಮ ಹುಡುಗ ಸೋಮವಾರ ಬರ್ತಾನೆ" ಅಂದರು. ಹಾಕಬಹುದಾ? ಇಲ್ಲ ಅಂದರೆ ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿಕೊಂಡರೆ ಸಾಕಾ?

ಉತ್ತರ: ಜಂಪರ್, ಅಂದರೆ ಸೆನ್ಸರನ್ನು ಬಿಟ್ಟು ನೇರವಾಗಿ ಜೋಡಿಸುವ ವೈರ್, ಹಾಕಬೇಡಿ. ಹಲಗೆಯೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು: ನೀವು ಒಂದು ತೊಂದರೆ ಅಂದುಕೊಂಡು ಮೂರು ತೊಂದರೆ ಬರೆದಿದ್ದೀರಿ. ಲೋಡಿಂಗ್ ಬೇ ಹತ್ತಿರ ನಿಲ್ಲುವುದು ಒಂದು. ಗೋಡೌನ್ ಒಳಗೆ ಒಮ್ಮೊಮ್ಮೆ ನಿಲ್ಲುವುದು ಇನ್ನೊಂದು. ಸಂಜೆ ನಿಧಾನವಾಗುವುದು ಮೂರನೆಯದು. ಮೊದಲನೆಯದರಲ್ಲಿ ಯಂತ್ರ ಸರಿಯಾಗಿದೆ, ನೆಲ ಸರಿಯಿಲ್ಲ ಅಂತ ನನ್ನ ಊಹೆ. ಎರಡನೆಯದು ಯಂತ್ರದ ಕೆಳಗೆ ಏನೋ ಸಿಕ್ಕಿಕೊಂಡಿರುವ ಲಕ್ಷಣ. ಮೂರನೆಯದು ಬ್ಯಾಟರಿ ಅಥವಾ ಚಾರ್ಜಿಂಗ್. ಫೋನಿನಲ್ಲಿ ಹೇಳಿದವರು ಮೂರಕ್ಕೂ ಸೇರಿಸಿ ಒಂದೇ ಮದ್ದು ಕೊಟ್ಟಿದ್ದಾರೆ, ಅದೂ ಕಾಯಿಲೆ ನೋಡದೆ.

ಈ ಯಂತ್ರ ಹೇಗೆ ಯೋಚನೆ ಮಾಡುತ್ತದೆ ಅಂತ ಗೊತ್ತಾದರೆ ಹುಡುಕುವುದು ಸುಲಭ. ಮೇಲೇರಬೇಕಾದರೆ ಕಂಟ್ರೋಲರ್‌ಗೆ ಹಲವು ಕಡೆಯಿಂದ ಒಪ್ಪಿಗೆ ಬರಬೇಕು. ಕೀಲಿ ಸರಿಯಾದ ಕಡೆ ತಿರುಗಿರಬೇಕು. ಕೆಳಗಿನ ಮತ್ತು ಮೇಲಿನ ಕೆಂಪು ಎಮರ್ಜೆನ್ಸಿ ಸ್ಟಾಪ್ ಎರಡೂ ಹೊರಗೆ ಬಂದಿರಬೇಕು. ಜಾಯ್‌ಸ್ಟಿಕ್ ಹಿಡಿಯಲ್ಲಿರುವ ಎನೇಬಲ್ ಸ್ವಿಚ್ ಒತ್ತಿರಬೇಕು. ಮಟ್ಟವಾಗಿದ್ದೇನೆ ಅಂತ ಟಿಲ್ಟ್ ಸೆನ್ಸರ್ ಹೇಳಬೇಕು. ತೂಕ ಮಿತಿಯೊಳಗಿದೆ ಅಂತ ಲೋಡ್ ಸೆನ್ಸರ್ ಹೇಳಬೇಕು. ಚಕ್ರ ಗುಂಡಿಗೆ ಇಳಿದರೂ ಯಂತ್ರ ಉರುಳದಂತೆ ಹೊಟ್ಟೆಯ ಎರಡು ಪಕ್ಕ ಇಟ್ಟಿರುವ ಪಾಟ್‌ಹೋಲ್ ಗಾರ್ಡ್ ಪೂರ್ತಿ ಇಳಿದಿವೆ ಅಂತ ಅವುಗಳ ಲಿಮಿಟ್ ಸ್ವಿಚ್ ಹೇಳಬೇಕು. ಇವರಲ್ಲಿ ಒಬ್ಬರು ಸುಮ್ಮನಾದರೂ ಲಿಫ್ಟ್ ನಿಲ್ಲುತ್ತದೆ. ವೈರ್ ತುಂಡಾದರೆ, ಕನೆಕ್ಟರ್ ಸಡಿಲವಾದರೆ, ಅದೂ ಸುಮ್ಮನಾದ ಹಾಗೇ ಲೆಕ್ಕ. ಬೇಕಂತಲೇ ಹಾಗೆ ಮಾಡಿದ್ದಾರೆ. ಬ್ರೇಕೂ ಹಾಗೇ. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದಕ್ಕೆ ಮಾತ್ರ ಕರೆಂಟೋ ಎಣ್ಣೆಯ ಒತ್ತಡವೋ ಬೇಕು. ಕರೆಂಟ್ ಹೋದರೆ ಯಂತ್ರ ಉರುಳುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ.

ಹಾಗಾದರೆ ಆಳೆತ್ತರ ಏರುವವರೆಗೆ ಯಾಕೆ ಬಿಡುತ್ತದೆ? ಎಷ್ಟೋ ಜನ ಇದನ್ನು ನೋಡಿಯೇ ಪಂಪು ಸುಸ್ತಾಗಿದೆ ಅಂತ ಎಣ್ಣೆ ಟ್ಯಾಂಕಿಗೆ ಕೈ ಹಾಕುತ್ತಾರೆ. ಬಹಳ ಮಾದರಿಗಳಲ್ಲಿ ಸುಮಾರು 2 ಮೀಟರ್‌ವರೆಗೆ ಪ್ಲಾಟ್‌ಫಾರ್ಮ್ ಕೆಳಗೇ ಇದೆ ಅನ್ನುವ ಲೆಕ್ಕ. ಅದನ್ನು ದಾಟುವಾಗ ಟಿಲ್ಟ್ ಮತ್ತು ಪಾಟ್‌ಹೋಲ್ ಗಾರ್ಡ್ ಎರಡರ ಕಟ್ಟುನಿಟ್ಟು ಶುರುವಾಗುತ್ತದೆ. ಅದಕ್ಕೇ ಎರಡು ಬೇರೆ ಬೇರೆ ಕಾರಣಕ್ಕೂ ಯಂತ್ರ ಒಂದೇ ಎತ್ತರದಲ್ಲಿ, ಒಂದೇ ತರ ಬೀಪ್ ಹೊಡೆದು ನಿಲ್ಲುತ್ತದೆ. ನಿಮಗೆ ಗೊಂದಲವಾಗಿರುವುದು ಇಲ್ಲೇ.

ಎರಡನ್ನೂ ಬೇರೆ ಮಾಡುವ ಸುಲಭದ ದಾರಿ ಇದೆ. ತೊಂದರೆ ಜಾಗಕ್ಕೆ ಅಂಟಿಕೊಂಡಿದೆಯಾ, ಯಂತ್ರಕ್ಕೆ ಅಂಟಿಕೊಂಡಿದೆಯಾ ನೋಡಿ. ಲೋಡಿಂಗ್ ಬೇಯಲ್ಲಿ ಯಾವಾಗ ಹೋದರೂ ನಿಲ್ಲುತ್ತದೆ ಅಂದರೆ ಜಾಗದ್ದು. ಒಂದೇ ಜಾಗದಲ್ಲಿ ಬೆಳಿಗ್ಗೆ ಏರಿ ಮಧ್ಯಾಹ್ನ ಏರದಿದ್ದರೆ ಯಂತ್ರದ್ದು. ಜೊತೆಗೆ ಕೆಳಗಿನ ಕಂಟ್ರೋಲ್ ಪೆಟ್ಟಿಗೆಯ ಡಿಸ್‌ಪ್ಲೇ ನೋಡಿ. ಬೀಪ್ ಬಂದಾಗ ಅಲ್ಲಿ ಒಂದು ಕೋಡ್ ಬಂದಿರುತ್ತದೆ. ಕೆಲವು ಕಂಪನಿಗಳು ಓರೆಯಾದರೆ 'ಎಲ್‌ಎಲ್', ತೂಕ ಹೆಚ್ಚಾದರೆ 'ಓಎಲ್' ಅಂತ ತೋರಿಸುತ್ತವೆ. ಗಾರ್ಡ್ ತೊಂದರೆಗೆ ಬೇರೆ ಸಂಖ್ಯೆ. ಅರ್ಥ ಯಂತ್ರದ ಜೊತೆಗೇ ಬರುವ ಪುಸ್ತಕದಲ್ಲಿ ಇರುತ್ತದೆ. ಪ್ಲಾಟ್‌ಫಾರ್ಮ್ ಕಂಬಿಗೆ ಕಟ್ಟಿದ ಪ್ಲಾಸ್ಟಿಕ್ ಡಬ್ಬದಲ್ಲಿ ಹುಡುಕಿ. ಇರದಿದ್ದರೆ ಬಾಡಿಗೆಯವರಿಂದ ಪಿಡಿಎಫ್ ತರಿಸಿಕೊಳ್ಳಿ. ಕೋಡ್ ನೋಡದೆ "ಟಿಲ್ಟ್ ಸೆನ್ಸರ್" ಅಂತ ಯಾರು ಹೇಳಿದರೂ ಅದು ಕಣ್ಣು ಮುಚ್ಚಿ ಹೇಳಿದ ಮಾತು.

ಈಗ ಲೋಡಿಂಗ್ ಬೇ. ಈ ಗಾತ್ರದ ಯಂತ್ರಗಳಿಗೆ ಸಾಮಾನ್ಯವಾಗಿ ಅಡ್ಡಕ್ಕೆ 1.5 ಡಿಗ್ರಿ, ಉದ್ದಕ್ಕೆ 3 ಡಿಗ್ರಿ ಮಿತಿ. ನಿಮ್ಮ ಯಂತ್ರಕ್ಕೆ ಹಚ್ಚಿದ ಮಾಹಿತಿ ಪ್ಲೇಟ್ ಮೇಲೆ ಬರೆದಿರುತ್ತದೆ, ಅದೇ ಅಂತಿಮ. 1.5 ಡಿಗ್ರಿ ಅಂದರೆ ಕಣ್ಣಿಗೆ ಏನೂ ಅಲ್ಲ. ಒಂದು ಮೀಟರ್‌ಗೆ 2.6 ಸೆಂಟಿಮೀಟರ್ ಇಳಿಜಾರು. ಎಡ ಬಲ ಚಕ್ರಗಳ ನಡುವೆ ಮುಕ್ಕಾಲು ಮೀಟರ್ ಇದ್ದರೆ ಬರೀ 2 ಸೆಂಟಿಮೀಟರ್ ವ್ಯತ್ಯಾಸ. ಆದರೆ ಪ್ಲಾಟ್‌ಫಾರ್ಮ್ 5.8 ಮೀಟರ್ ಮೇಲೆ ಹೋದಾಗ ಅದೇ 1.5 ಡಿಗ್ರಿ ಅದನ್ನು 15 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುತ್ತದೆ. ಅದರ ಮೇಲೆ ಇಬ್ಬರು ನಿಂತು, ಒಬ್ಬ ಕಂಬಿಯಿಂದ ಆಚೆ ಬಾಗಿ ಲೈಟಿನ ಬೋಲ್ಟ್ ತಿರುಗಿಸುತ್ತಾನೆ. ಯಂತ್ರದ ಅಗಲ ಮುಕ್ಕಾಲು ಮೀಟರ್ ಚಿಲ್ಲರೆ ಅಷ್ಟೇ ಅಲ್ವಾ.

ಲೋಡಿಂಗ್ ಬೇಯ ನೆಲವನ್ನು ಮಟ್ಟವಾಗಿ ಕಟ್ಟುವುದೇ ಇಲ್ಲ. ನಮ್ಮ ಕಡೆಯ ಮಳೆಗೆ ನೀರು ಹೊರಗೆ ಹರಿಯಬೇಕು, ಅದಕ್ಕೆ ಗಾರೆಯವರು ಇಳಿಜಾರು ಕೊಟ್ಟೇ ಕೊಡುತ್ತಾರೆ. ಕಾಫಿ ಒಣಗಿಸುವ ಕಣವೂ ಅಷ್ಟೇ. ಗಾರೆಯವರ ಹತ್ತಿರ ಒಂದು ಮೀಟರ್ ಉದ್ದದ ರಸಮಟ್ಟ ಇಸಿದುಕೊಳ್ಳಿ. ಲಿಫ್ಟ್ ನಿಲ್ಲುವ ಜಾಗದಲ್ಲಿ, ಯಂತ್ರಕ್ಕೆ ಅಡ್ಡಲಾಗಿ ಇಡಿ. ಗುಳ್ಳೆ ಮಧ್ಯಕ್ಕೆ ಬರುವವರೆಗೆ ತಗ್ಗಿನ ಕಡೆಯ ತುದಿಯನ್ನು ಎತ್ತಿ. ಎತ್ತಿದ ಸಂದು 2.6 ಸೆಂಟಿಮೀಟರ್ ದಾಟಿದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ. ಇದೇ ಪರೀಕ್ಷೆ ಗೋಡೌನ್ ಒಳಗೂ ಮಾಡಿ, ಚೆನ್ನಾಗಿ ಮಟ್ಟವಿರುವ ಒಂದು ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಕೊನೆಯಲ್ಲಿ ಅದು ಬೇಕಾಗುತ್ತದೆ.

"ಲಾರಿಯ ರ್‍ಯಾಂಪ್ ಹತ್ತಿ ಇಳಿಯುವ ಯಂತ್ರ ಇಷ್ಟು ಇಳಿಜಾರಿಗೆ ಯಾಕೆ ಹೆದರುತ್ತದೆ?" ಅಂತ ಕೇಳುವವರಿದ್ದಾರೆ. ಅದು ಹತ್ತುವುದು ಪ್ಲಾಟ್‌ಫಾರ್ಮ್ ಪೂರ್ತಿ ಇಳಿಸಿಕೊಂಡು. ಆಗ ಅದು ನೆಲಕ್ಕೆ ಅಂಟಿದ ಒಂದೂವರೆ ಟನ್ ಹತ್ತಿರದ ಕಬ್ಬಿಣದ ಪೆಟ್ಟಿಗೆ, ಶೇಕಡಾ 25-30ರ ಇಳಿಜಾರನ್ನೂ ಹತ್ತಬಲ್ಲದು. ಏರಿದ ಮೇಲೆ ಅದೇ ತೂಕ ಅಷ್ಟೇ ಅಗಲದ ಮೇಲೆ ಎತ್ತರಕ್ಕೆ ನಿಂತಿರುತ್ತದೆ.

ಹಲಗೆ ಬೇಡ ಅಂದಿದ್ದಕ್ಕೂ ಇದೇ ಕಾರಣ. ಹಲಗೆ ಕೊಟ್ಟರೆ ಟಿಲ್ಟ್ ಸೆನ್ಸರ್ ಸಮಾಧಾನವಾಗುತ್ತದೆ, ನಿಜ. ಆದರೆ ಚಕ್ರ ಹಲಗೆಯಿಂದ ಜಾರಿದರೆ, ಹಲಗೆ ಸೀಳಿದರೆ, ಒಂದೇ ಏಟಿಗೆ ಯಂತ್ರ ವಾಲುತ್ತದೆ. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ: ಪಾಟ್‌ಹೋಲ್ ಗಾರ್ಡ್ ಇಳಿದಾಗ ನೆಲಕ್ಕೂ ಅದಕ್ಕೂ ಎರಡು ಸೆಂಟಿಮೀಟರ್ ಆಸುಪಾಸು ಸಂದು ಇರುತ್ತದೆ. ಚಕ್ರ ಗುಂಡಿಗೆ ಇಳಿದರೆ ಯಂತ್ರ ಅಷ್ಟೇ ವಾಲಿ ಗಾರ್ಡ್ ಮೇಲೆ ಕೂರಬೇಕು. ಹಲಗೆ ಮೇಲೆ ನಿಲ್ಲಿಸಿದರೆ ಆ ಸಂದು ಹಲಗೆಯ ದಪ್ಪದಷ್ಟು ಹೆಚ್ಚಾಗುತ್ತದೆ. ಅಲ್ಲಿಗೆ ಆ ಗಾರ್ಡ್ ಇದ್ದೂ ಇಲ್ಲದ ಹಾಗೆ.

ಎರಡನೇ ತೊಂದರೆ, ಗೋಡೌನ್ ಒಳಗಿನದು. ಇದಕ್ಕೆ ನಾನು ಮೊದಲು ಅನುಮಾನ ಪಡುವುದು ಪಾಟ್‌ಹೋಲ್ ಗಾರ್ಡ್. ಅದು ಉದ್ದನೆಯ ಉಕ್ಕಿನ ಪಟ್ಟಿ. ಯಂತ್ರದ ಎರಡೂ ಪಕ್ಕ, ಮುಂದಿನ ಹಿಂದಿನ ಚಕ್ರಗಳ ನಡುವೆ ಇರುತ್ತದೆ. ಕತ್ತರಿ ತೋಳು ಏರಲು ಶುರುವಾದಾಗ ಲಿಂಕ್ ಮೂಲಕ ತಾನಾಗಿಯೇ ಕೆಳಗೆ ಬರುತ್ತದೆ. ಪೂರ್ತಿ ಇಳಿದರೆ ಮಾತ್ರ ಅದರ ಲಿಮಿಟ್ ಸ್ವಿಚ್ ಒಪ್ಪಿಗೆ ಕೊಡುತ್ತದೆ. ಒಂದು ಪಕ್ಕದ್ದು ಬೆರಳಿನಷ್ಟು ಮೇಲೆ ಉಳಿದರೂ ಆ ಎತ್ತರ ದಾಟಿ ಏರುವುದಿಲ್ಲ, ಡ್ರೈವೂ ಆಗುವುದಿಲ್ಲ. ನೀವು ಬರೆದಿರುವುದು ಹೆಚ್ಚುಕಡಿಮೆ ಇದೇ.

ಕ್ಯೂರಿಂಗ್ ಕಾರ್ಖಾನೆಯಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಕಾಫಿ ಬೀಜದ ಮೇಲಿನ ಪಾರ್ಚ್‌ಮೆಂಟ್ ಹೊಟ್ಟು ಎಷ್ಟು ಹಗುರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೊಟ್ಟು ಬಿಡಿಸುವ ಹಲ್ಲರ್ ಓಡಿದ ಕಡೆಯೆಲ್ಲ ಹಾರಿ ಕೂರುತ್ತದೆ. ಲಿಂಕಿನ ಪಿನ್ನಿಗೆ ಹಾಕಿದ ಗ್ರೀಸ್ ಮೇಲೆ ಅದು ಅಂಟುತ್ತದೆ, ಚಕ್ರ ತಂದ ಮಣ್ಣು ಅದರ ಮೇಲೆ ಅಂಟುತ್ತದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಪಿನ್ನಿನ ಸುತ್ತ ಕಂದು ಬಣ್ಣದ ಗಟ್ಟಿ ಉಂಡೆ ಕಾಣುತ್ತದೆ. ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬರುತ್ತದೆ. ಸ್ವಿಚ್‌ನ ರೋಲರ್ ಕೈ ಹಿಂದೆ ಬರಬೇಕಾದಷ್ಟು ಬರುವುದಿಲ್ಲ. ಗೋಣಿಚೀಲದ ದಾರ ಸುತ್ತಿಕೊಂಡಿದ್ದರೂ ಸಾಕು.

ನೋಡುವ ಕ್ರಮ ಹೀಗಿರಲಿ. ಪ್ಲಾಟ್‌ಫಾರ್ಮ್ ಮೇಲೆ ಯಾರೂ ಬೇಡ, ಸಾಮಾನೂ ಬೇಡ. ಗುರುತು ಹಾಕಿದ ಮಟ್ಟದ ಜಾಗದಲ್ಲಿ ನಿಲ್ಲಿಸಿ, ಕೀಲಿ ಕೆಳಗಿನ ಕಂಟ್ರೋಲ್‌ಗೆ ತಿರುಗಿಸಿ, ನಿಧಾನವಾಗಿ ಏರಿಸಿ. ಜೊತೆಯವರು ಎರಡೂ ಪಕ್ಕ ದೂರ ನಿಂತು ಗಾರ್ಡ್ ನೋಡಲಿ. ಎರಡೂ ಒಟ್ಟಿಗೆ, ಒಂದೇ ಸಮ ಇಳಿಯಬೇಕು. ಒಂದು ತಡವಾದರೆ ಅಥವಾ ಓರೆಯಾಗಿ ನಿಂತರೆ ಸಿಕ್ಕಿತು. ಈಗ ಕೆಳಗೆ ಕೈ ಹಾಕುವ ಮುಂಚೆ ಸೇಫ್ಟಿ ಆರ್ಮ್ ಕೊಡಲೇಬೇಕು. ಕತ್ತರಿ ತೋಳುಗಳ ನಡುವೆ ಮಡಚಿಟ್ಟ, ಬಣ್ಣ ಬಳಿದ ಕಬ್ಬಿಣದ ಊರುಗೋಲು ಅದು. ಅದನ್ನು ನಿಲ್ಲಿಸಿ, ಪ್ಲಾಟ್‌ಫಾರ್ಮನ್ನು ಅದರ ಮೇಲೆ ಕೂರುವ ಹಾಗೆ ಸ್ವಲ್ಪ ಇಳಿಸಿ. ಬ್ಯಾಟರಿ ಪ್ಲಗ್ ಕೀಳಿ, ಕೀಲಿ ಜೇಬಿಗೆ ಹಾಕಿ. ಆಮೇಲೆ ಬ್ರಷ್. ಹೈಡ್ರಾಲಿಕ್ ಎಣ್ಣೆ ಹಿಡಿದಿದೆಯಲ್ಲ ಅನ್ನುವ ಧೈರ್ಯದಲ್ಲಿ ತೋಳುಗಳ ನಡುವೆ ತಲೆ ಹಾಕಿದವರು ಅದರಡಿ ಸಿಕ್ಕಿ ಸತ್ತಿದ್ದಾರೆ. ಇಡೀ ಉತ್ತರದಲ್ಲಿ ಇದೊಂದು ಸಾಲನ್ನು ಮಾತ್ರ ನೆನಪಿಟ್ಟುಕೊಂಡರೂ ಪರವಾಗಿಲ್ಲ.

ಪ್ರೆಶರ್ ವಾಷರ್ ಮಾತ್ರ ಹಿಡಿಯಬೇಡಿ. ಹೊಟ್ಟು ಹೋಗುತ್ತದೆ, ನೀರು ಕನೆಕ್ಟರ್ ಒಳಗೆ ಸೇರುತ್ತದೆ. ಹತ್ತು ದಿನ ಬಿಟ್ಟು ಹಸಿರು ಕಿಲುಬು ಬಂದು ಬೇರೆಯದೇ ತೊಂದರೆ ಶುರು. ಒಣ ಬ್ರಷ್, ಹಳೆ ಬಟ್ಟೆ, ಸ್ವಲ್ಪ ಗಾಳಿ ಸಾಕು.

ಗಾರ್ಡ್ ಎರಡೂ ಚೆನ್ನಾಗಿ ಇಳಿದೂ ಕೋಡ್ ಅದನ್ನೇ ತೋರಿಸಿದರೆ ಸ್ವಿಚ್ ಅಥವಾ ವೈರ್. ನೀವು ಎಲೆಕ್ಟ್ರಿಷಿಯನ್, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಜಂಪರ್ ಹಾಕಿ ನೋಡುವುದು ಪತ್ತೆ ಮಾಡುವ ದಾರಿ ಅಂತ ಬಹಳ ಜನ ಕಲಿತಿದ್ದಾರೆ. ಅದಕ್ಕಿಂತ ಮಲ್ಟಿಮೀಟರ್ ಒಳ್ಳೆಯದು. ಮುಚ್ಚಿದ ಒಳ್ಳೆಯ ಸ್ವಿಚ್‌ನ ಎರಡು ಕಾಲುಗಳ ನಡುವೆ ಡಿಸಿ ವೋಲ್ಟೇಜ್ ಸೊನ್ನೆಗೆ ಹತ್ತಿರ ಇರುತ್ತದೆ. ತೆರೆದ ಸ್ವಿಚ್‌ನಲ್ಲಿ ಸರ್ಕ್ಯೂಟಿನ ಪೂರ್ತಿ ವೋಲ್ಟೇಜ್, ಅಂದರೆ 24ರ ಆಸುಪಾಸು ಕಾಣುತ್ತದೆ. ಸೊನ್ನೆಯೂ ಅಲ್ಲ, ಪೂರ್ತಿಯೂ ಅಲ್ಲ, ಮೂರೋ ನಾಲ್ಕೋ ವೋಲ್ಟ್ ಬಂದರೆ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಕಿಲುಬು ಹಿಡಿದಿದೆ. ಇದು ಕಂಟಿನ್ಯುಟಿ ಬೀಪ್‌ನಲ್ಲಿ ಗೊತ್ತಾಗುವುದೇ ಇಲ್ಲ. ಸ್ವಿಚ್ ಸರಿ ಇದ್ದರೆ ಸರ್ಕ್ಯೂಟ್ ಚಿತ್ರ ಹಿಡಿದು ಮುಂದಿನ ಕನೆಕ್ಟರ್‌ಗೆ ಹೋಗಿ. ವೋಲ್ಟೇಜ್ ಎಲ್ಲಿ ಮಾಯವಾಗುತ್ತದೋ ತೊಂದರೆ ಅದರ ಹಿಂದೆ. ಸುರಕ್ಷತೆಯ ಸರಪಳಿಯನ್ನು ಒಮ್ಮೆಯೂ ಮುರಿಯದೆ ಪತ್ತೆ ಆಯಿತು. ಹೊಸ ಯಂತ್ರಗಳಲ್ಲಿ ಟಿಲ್ಟ್ ಸೆನ್ಸರ್ ಕಂಟ್ರೋಲರ್ ಒಳಗೇ ಇರುವುದುಂಟು. ಅಂಥದ್ದರಲ್ಲಿ ನಿಮಗೆ ಫೋನಿನಲ್ಲಿ ಹೇಳಿದ ಆ ವೈರ್ ಇರುವುದೇ ಇಲ್ಲ!

ಮೇಲಿನಿಂದ ಏರದೆ ಕೆಳಗಿನ ಕಂಟ್ರೋಲ್‌ನಿಂದ ಏರಿದರೆ ಹುಡುಕುವ ಜಾಗ ಅರ್ಧ ಕಡಿಮೆಯಾಯಿತು. ಬ್ಯಾಟರಿ, ಪಂಪು, ವಾಲ್ವ್ ಎಲ್ಲ ಸರಿ. ಮೇಲಿನ ಎಮರ್ಜೆನ್ಸಿ ಸ್ಟಾಪ್, ಎನೇಬಲ್ ಸ್ವಿಚ್, ಕಂಟ್ರೋಲ್ ಪೆಟ್ಟಿಗೆಯ ಪ್ಲಗ್, ಸುರುಳಿ ಕೇಬಲ್ ಇವಿಷ್ಟೇ ಉಳಿದವು. ಎರಡೂ ಕಡೆಯಿಂದ ಸತ್ತಿದ್ದರೆ ಮೊದಲು ಎಮರ್ಜೆನ್ಸಿ ಸ್ಟಾಪ್ ಒತ್ತಿದೆಯಾ ನೋಡಿ. ಲಾರಿಯಲ್ಲಿ ತರುವಾಗ ಒತ್ತಿ ಕಳಿಸಿರುತ್ತಾರೆ, ಇಳಿಸಿದವರು ಮರೆತಿರುತ್ತಾರೆ. ಒಂದು ನಿರ್ದಿಷ್ಟ ಎತ್ತರದಲ್ಲಿ ಬೀಪ್ ಇಲ್ಲದೆ, ಕೋಡ್ ಇಲ್ಲದೆ ಸುಮ್ನೆ ಸತ್ತು, ಸ್ವಲ್ಪ ಅಲುಗಾಡಿಸಿದರೆ ಮತ್ತೆ ಜೀವ ಬಂದರೆ, ಕತ್ತರಿ ತೋಳಿನಲ್ಲಿ ಮಡಚಿ ಬಿಚ್ಚಿಕೊಳ್ಳುವ ಕೇಬಲ್ ಒಳಗೆ ತಂತಿ ತುಂಡಾಗಿರುತ್ತದೆ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ.

ಇಳಿಸುವಾಗ ಸುಮಾರು 2 ಮೀಟರ್‌ನಲ್ಲಿ ಕೆಲವು ಸೆಕೆಂಡ್ ನಿಂತು ಮತ್ತೆ ಇಳಿದರೆ ಗಾಬರಿ ಬೇಡ. ಕೆಲವು ಮಾದರಿಗಳಲ್ಲಿ ತೋಳುಗಳ ನಡುವೆ ಯಾರ ಕೈಯಾದರೂ ಇದ್ದರೆ ತೆಗೆದುಕೊಳ್ಳಲಿ ಅಂತಲೇ ಹಾಗೆ ನಿಲ್ಲಿಸಿದ್ದಾರೆ. ಬಟನ್ ಬಿಟ್ಟು, ಕಾದು, ಮತ್ತೆ ಒತ್ತಿದರೆ ಇಳಿಯುತ್ತದೆ. ಇದನ್ನೂ ರಿಪೇರಿಗೆ ಬರೆಯುವವರಿದ್ದಾರೆ.

ತೂಕದ ವಿಷಯ ಚಿಕ್ಕದಾಗಿ. 19 ಅಡಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ 227 ಕೆಜಿ ಮಿತಿ. ಹೊರಗೆ ಚಾಚುವ ಡೆಕ್ ಮೇಲೆ ಅದರ ಅರ್ಧ, 113 ಕೆಜಿ. ಇಬ್ಬರು ಆಳು, ಟೂಲ್ ಚೀಲ, ಕೇಬಲ್ ಸುರುಳಿ, ಹೊಸ ಲೈಟಿನ ಪೆಟ್ಟಿಗೆಗಳು, ಕಿತ್ತ ಹಳೇ ಲೈಟುಗಳು ಸೇರಿದರೆ ಮಿತಿ ಮುಟ್ಟುವುದು ಕಷ್ಟವಲ್ಲ. ಹಳೆಯದನ್ನು ಅಲ್ಲೇ ಪೇರಿಸಬೇಡಿ, ಆಗಾಗ ಇಳಿಸಿ. ಮೇಲಿನ ಕಂಬಿ ಟ್ರಸ್‌ಗೆ ತಾಗಿ ಒತ್ತಿದರೂ ಸಿಲಿಂಡರ್‌ನ ಒತ್ತಡ ಏರಿ ಓವರ್‌ಲೋಡ್ ತೋರಿಸುತ್ತದೆ. ಆಗ ಅದು ಸುಳ್ಳಲ್ಲ. ಹೊರಗೆ, ಗಾಳಿಗೆ, ಒಯ್ಯಬಹುದಾ ಅನ್ನುವುದೂ ಅದೇ ಪ್ಲೇಟಿನಲ್ಲಿದೆ. ಒಳಗೆ ಇಬ್ಬರು, ಹೊರಗೆ ಒಬ್ಬರೇ ಅಂತ ಬರೆದ ಯಂತ್ರಗಳಿವೆ, ಒಳಗೆ ಮಾತ್ರ ಅಂತ ಬರೆದವೂ ಇವೆ.

ಸಂಜೆಯ ನಿಧಾನ. ಮೊದಲು ಒಂದನ್ನು ಬೇರೆ ಮಾಡಿ. ಏರಿಸಿಕೊಂಡು ಓಡಿಸುವಾಗ ನಿಧಾನವಾಗಿಯೇ ಹೋಗಬೇಕು. ಗಂಟೆಗೆ 0.8 ಕಿಲೋಮೀಟರ್, ಅಂದರೆ 12 ಮೀಟರ್ ಹೋಗಲು ಸುಮಾರು 55 ಸೆಕೆಂಡ್. ಅದು ಇಂಟರ್‌ಲಾಕ್, ಅಂದರೆ ಬೇಕಂತಲೇ ಇಟ್ಟ ಕಡಿವಾಣ, ತೊಂದರೆಯಲ್ಲ. ಪೂರ್ತಿ ಇಳಿಸಿದ ಮೇಲೂ ಅದೇ ಆಮೆ ನಡಿಗೆ, ಅದೂ ಬೆಳಿಗ್ಗೆಯೇ, ಅಂದರೆ ಪ್ಲಾಟ್‌ಫಾರ್ಮ್ ಕೆಳಗಿದೆ ಅಂತ ಹೇಳುವ ಡೌನ್ ಲಿಮಿಟ್ ಸ್ವಿಚ್ ಸಿಕ್ಕಿಕೊಂಡಿರಬೇಕು. ಅದೂ ಹೊಟ್ಟಿನ ಕೆಲಸವೇ ಇರಬಹುದು. ಸಂಜೆ ಮಾತ್ರ, ಏರುವುದೂ ನಿಧಾನ ಅಂದರೆ ಬ್ಯಾಟರಿ.

ಈ ಯಂತ್ರಗಳಲ್ಲಿ ಸಾಮಾನ್ಯವಾಗಿ 6 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಸೆಟ್ 25.4 ವೋಲ್ಟ್ ಸುತ್ತಮುತ್ತ ತೋರಿಸಬೇಕು. 24.3ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಆದರೆ ಸುಮ್ಮನಿದ್ದಾಗ ನೋಡಿದರೆ ಸಾಲದು. ಜೊತೆಯವರು ಕೆಳಗಿನ ಕಂಟ್ರೋಲ್‌ನಿಂದ ಏರಿಸುತ್ತಿರುವಾಗ, ಬ್ಯಾಟರಿ ಟ್ರೇ ಹೊರಗೆಳೆದು ಒಂದೊಂದೇ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಮೂರು ಒಂದೇ ಮಟ್ಟದಲ್ಲಿ ನಿಂತು ಒಂದು ಮಾತ್ರ 5 ವೋಲ್ಟಿಗೆ ಜಾರಿದರೆ ಕಳ್ಳ ಅದೇ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಪ್ರತಿ ಸೆಲ್ ನೋಡಿ, ಪೂರ್ತಿ ಚಾರ್ಜ್ ಅಂದರೆ 1.265 ಅಥವಾ ಸ್ವಲ್ಪ ಜಾಸ್ತಿ. ಉಂಗುರ, ವಾಚು ತೆಗೆದಿಟ್ಟು ಈ ಕೆಲಸ ಮಾಡಿ, ಸುರಕ್ಷತೆಯ ಕನ್ನಡಕ ಹಾಕಿಕೊಳ್ಳಿ, ತೋಳುಗಳಿಂದ ಕೈ ದೂರ ಇರಲಿ.

ಬ್ಯಾಟರಿಯನ್ನು ಬೈಯುವ ಮುಂಚೆ ಚಾರ್ಜಿಂಗ್ ನೋಡಿ. ರಾತ್ರಿ ಸೆಸ್ಕ್ ಕರೆಂಟ್ ಎಷ್ಟು ಹೊತ್ತು ಇತ್ತು? ಗೋಡೌನ್ ಮೂಲೆಯ ಪ್ಲಗ್‌ನಿಂದ ತೆಳು ವೈರಿನ ಉದ್ದ ಎಕ್ಸ್‌ಟೆನ್ಶನ್ ಎಳೆದಿದ್ದೀರಾ? ಅದರಲ್ಲಿ ವೋಲ್ಟೇಜ್ ಕುಸಿದು ಚಾರ್ಜರ್ ಕೆಲಸ ಮುಗಿಸದೇ ಇರಬಹುದು. ಬೆಳಿಗ್ಗೆ ಚಾರ್ಜರ್ ಮೇಲಿನ ಹಸಿರು ದೀಪ ನೋಡದೆ ಪ್ಲಗ್ ಕೀಳಬೇಡಿ. ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ ಹಾಕಿ. ಬ್ಯಾಟರಿ ಒಳಗಿನ ಪ್ಲೇಟ್ ಒಣಗಿ ಕಾಣುತ್ತಿದ್ದರೆ ಮಾತ್ರ ಚಾರ್ಜ್‌ಗೆ ಮೊದಲು ಪ್ಲೇಟ್ ಮುಳುಗುವಷ್ಟು ಹಾಕಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ಹೊಟ್ಟಿನ ರಾಶಿ, ಗೋಣಿ ಮೂಟೆಗಳ ಪಕ್ಕ ಚಾರ್ಜ್‌ಗೆ ಹಾಕಬೇಡಿ, ಬೀಡಿ ಸೇದುವವರನ್ನು ದೂರ ಕಳಿಸಿ.

ಇನ್ನು ಜಂಪರ್. ಟಿಲ್ಟ್‌ಗೆ ಜಂಪರ್ ಹಾಕಿದ್ದೀರಿ ಅಂತಲೇ ಇಟ್ಟುಕೊಳ್ಳಿ. ಗೋಡೌನ್ ಒಳಗಿನ ತೊಂದರೆ ಗಾರ್ಡ್‌ದಾದರೆ ಅದು ಹೋಗುವುದಿಲ್ಲ, ಆಗ "ಇದಕ್ಕೂ ಒಂದು" ಅಂತ ಎರಡನೇ ಜಂಪರ್ ಬರುತ್ತದೆ. ಎರಡೂ ಹಾಕಿದ ಯಂತ್ರ ಲೋಡಿಂಗ್ ಬೇಯಲ್ಲಿ ಕಣ್ಣು ಮುಚ್ಚಿ 5.8 ಮೀಟರ್ ಏರುತ್ತದೆ. ಮೇಲೆ ನಿಂತವನಿಗೆ ಓರೆ ಗೊತ್ತಾಗುವುದು ಅದು ವಾಲಿದಾಗಲೇ. ಜಂಪರ್ ಹಾಕಿದವರು ಅದನ್ನು ತೆಗೆಯುವುದು ಮರೆಯುತ್ತಾರೆ ಅನ್ನುವುದು ಇನ್ನೊಂದು ಗೋಳು. ಒಂದು ಕಡೆ ಬಾಡಿಗೆಗೆ ಬಂದ ಯಂತ್ರದ ಕನೆಕ್ಟರ್ ಹತ್ತಿರ ಕಪ್ಪು ಟೇಪ್ ಸುತ್ತಿದ್ದು ನೋಡಿ ಬಿಚ್ಚಿದೆ. ಒಳಗೆ ಎರಡು ತಂತಿ ಹುರಿ ಮಾಡಿ ಸೇರಿಸಿದ್ದರು. ಟೇಪಿನ ಅಂಟು ಒಣಗಿ ಪುಡಿಯಾಗಿತ್ತು, ಅಷ್ಟು ಹಳೆಯದು. ಅದರ ಮೇಲೆ ಎಷ್ಟು ಜನ ಹತ್ತಿ ಇಳಿದಿದ್ದರೋ.

ಅದಕ್ಕೇ ನಿಮ್ಮ ಯಂತ್ರದಲ್ಲೂ ಹಿಂದೆ ಯಾರಾದರೂ ಹೀಗೆ ಮಾಡಿದ್ದಾರಾ ಅಂತ ಪರೀಕ್ಷೆ ಮಾಡಿಕೊಳ್ಳಿ. ಪುಸ್ತಕದಲ್ಲಿ ಫಂಕ್ಷನ್ ಟೆಸ್ಟ್ ಅಂತ ಅಧ್ಯಾಯವಿದೆ. ಒಂದು ಪಕ್ಕದ ಎರಡು ಚಕ್ರಗಳನ್ನು ಅಲ್ಲಿ ಹೇಳಿದ ದಪ್ಪದ ಮರದ ತುಂಡಿನ ಮೇಲೆ ಹತ್ತಿಸಿ, ಯಾರೂ ಮೇಲಿರದೆ, ಕೆಳಗಿನಿಂದ ಏರಿಸಬೇಕು. ಬೀಪ್ ಹೊಡೆದು ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ತಕ್ಷಣ ಇಳಿಸಿ, ಯಂತ್ರ ವಾಪಸ್ ಕಳಿಸಿ. ಪಾಟ್‌ಹೋಲ್ ಗಾರ್ಡ್‌ಗೂ ಇಂಥದ್ದೇ ಪರೀಕ್ಷೆ ಇದೆ. ಗಾರ್ಡ್ ಕೆಳಗೆ ಮರದ ತುಂಡು ಇಟ್ಟು ಏರಿಸಿದರೆ ಬೀಪ್ ಬರಬೇಕು, ಡ್ರೈವ್ ಆಗಬಾರದು. ಅಂದ ಹಾಗೆ, ಮರದ ತುಂಡಿಗೆ ಈ ಯಂತ್ರದ ಕೆಳಗೆ ಇರುವ ಕೆಲಸ ಇವೆರಡೇ. ಜೊತೆಗೆ ಎಮರ್ಜೆನ್ಸಿ ಇಳಿಕೆಯ ಕೆಂಪು ಹಿಡಿಯನ್ನು ಪಾಳಿ ಶುರುವಾಗುವಾಗಲೆಲ್ಲ ಎಳೆದು ನೋಡಿ. ಲಿಫ್ಟ್ ಮೇಲಿರುವಾಗ ಆ ಹಿಡಿ ಎಲ್ಲಿದೆ ಅಂತ ಗೊತ್ತಿರುವ ಒಬ್ಬರು ಕೆಳಗೆ ಇರಲೇಬೇಕು.

ಕಾನೂನಿನ ಮಾತು ಒಂದೇ ಸಾಲು: ಕೆಲಸಗಾರರ ಸುರಕ್ಷತೆಗೆ ಇಟ್ಟ ಸಾಧನವನ್ನು ಕೆಲಸಗಾರನೇ ಬೇಕಂತ ಕೆಡಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 111ನೇ ಕಲಮಿನಲ್ಲೇ ಬರೆದಿದ್ದರು. ಹೆಚ್ಚುಕಡಿಮೆಯಾದರೆ ವೈರ್ ಸೇರಿಸಿದ ಕೈ ನಿಮ್ಮದು, ಫೋನಿನಲ್ಲಿ ಮಾತಾಡಿದವರದ್ದಲ್ಲ. "ಜಂಪರ್ ಹಾಕಿ ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿ" ಅಂತ ಅವರನ್ನೇ ಒಮ್ಮೆ ಕೇಳಿ ನೋಡಿ. ಬರೆಯುವುದಿಲ್ಲ.

ಸೋಮವಾರದವರೆಗೆ ಕೆಲಸ ನಿಲ್ಲಿಸಬೇಕಾಗಿಲ್ಲ. ಗಾರ್ಡ್ ಶುಚಿ ಮಾಡಿ, ಎರಡೂ ಪರೀಕ್ಷೆ ಪಾಸಾದರೆ ಗೋಡೌನ್ ಒಳಗಿನ ಲೈಟುಗಳನ್ನು ಮುಗಿಸಿ. ಲೋಡಿಂಗ್ ಬೇಯ ಲೈಟುಗಳಿಗೆ ಸಾರ್ವೆ ಕಟ್ಟಿಸಿ. ಲೈಟು ಜಾಸ್ತಿ ಇದ್ದರೆ ಜಾಕ್ ಚಾಚಿ ತಾನೇ ಮಟ್ಟ ಮಾಡಿಕೊಳ್ಳುವ ರಫ್ ಟೆರೇನ್ ಲಿಫ್ಟ್ ತರಿಸಿ. ಬಾಡಿಗೆ ಜಾಸ್ತಿ, ಆದರೆ ಇಳಿಜಾರಿಗೆ ಅಂತಲೇ ಇರುವ ಯಂತ್ರ ಅದು. ಯಾವ ಮಿತಿಯವರೆಗೆ ಅಂತ ಅದರ ಪ್ಲೇಟಿನಲ್ಲೂ ನೋಡಿಕೊಳ್ಳಿ.

ಆ ಹುಡುಗ ಬಂದಾಗ ಕೋಡ್, ಯಾವ ಜಾಗ, ಎಷ್ಟು ಹೊತ್ತಿಗೆ, ನಾಲ್ಕು ಬ್ಯಾಟರಿಗಳ ವೋಲ್ಟೇಜ್, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಅವನು ಲ್ಯಾಪ್‌ಟಾಪೋ ಮೆನುವೋ ತೆರೆದು ಟಿಲ್ಟ್ ಸೆನ್ಸರ್ ಕ್ಯಾಲಿಬ್ರೇಟ್ ಮಾಡ್ತೀನಿ ಅಂದರೆ ಪಕ್ಕದಲ್ಲೇ ನಿಂತು ನೋಡಿ. ಯಂತ್ರ ಆಗ ಎಲ್ಲಿ ನಿಂತಿದೆಯೋ ಅದನ್ನೇ ಅದು ಮಟ್ಟ ಅಂತ ನೆನಪಿಟ್ಟುಕೊಳ್ಳುತ್ತದೆ. ಲೋಡಿಂಗ್ ಬೇಯಲ್ಲಿ ನಿಲ್ಲಿಸಿ ಸೊನ್ನೆ ಮಾಡಿದರೆ ಬೀಪ್ ನಿಲ್ಲುತ್ತದೆ, ಓರೆ ಹಾಗೇ ಉಳಿಯುತ್ತದೆ. ಅದೂ ಜಂಪರೇ, ವೈರ್ ಕಾಣುವುದಿಲ್ಲ ಅಷ್ಟೇ. ಸೀಮೆಸುಣ್ಣದ ಗುರುತಿನ ಮೇಲೆ ನಿಲ್ಲಿಸಿ, ರಸಮಟ್ಟ ಇಟ್ಟು ಅವನಿಗೆ ತೋರಿಸಿ, ಆಮೇಲೆ ಮಾಡಿಸಿ.